ಅಜ್ಜಿಗೆ ಕಾಣದ ಅತ್ತಿ ಹೂವು

ತಿಪಟೂರಿನ ಹತ್ತಿರ ನಮ್ಮಜ್ಜಿ ಮನೆ. ಹಿತ್ತಲಲ್ಲಿ ಬಾವಿ, ಬಾವಿ ಪಕ್ಕದಲ್ಲೊಂದು ಅತ್ತಿ ಮರ. ಅದರ ಕಾಯಿ ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತೆ, ಹಲಸಿನ ಹಾಗೆ. ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ: "ಇದು ಹೂವೇ ಬಿಡಲ್ವಲ್ಲ, ಕಾಯಿ ಎಲ್ಲಿಂದ ಬರುತ್ತೆ?"

"ಬಿಡುತ್ತೆ ಕಣೇ. ನಡುರಾತ್ರಿ ಅರಳಿ, ಬೆಳಗಾಗೋದರೊಳಗೆ ಮಾಯ ಆಗುತ್ತೆ. ಅದನ್ನ ಕಂಡವರಿಗೆ ರಾಜಯೋಗ" ಅಂದಿದ್ದರು ಅಜ್ಜಿ. ಆ ಬೇಸಿಗೆ ರಜೆಯಲ್ಲಿ ಎರಡು ರಾತ್ರಿ ಹಿತ್ತಲ ಬಾಗಿಲಲ್ಲಿ ಕೂತು ಕಾದೆ. ಎರಡು ರಾತ್ರಿಯೂ ನಿದ್ದೆ ಬಂತು.

ಹೋದ ವರ್ಷ ಊರಿಗೆ ಹೋದಾಗ ಶೇವಿಂಗ್ ಬ್ಲೇಡ್ ಮತ್ತು ಚಿನ್ನದ ಅಂಗಡಿಯವರು ಕಣ್ಣಿಗಿಟ್ಟುಕೊಳ್ಳುವಂಥ ಪುಟ್ಟ ಲೆನ್ಸ್ ತೆಗೆದುಕೊಂಡು ಹೋಗಿದ್ದೆ. ಅಕ್ಕನ ಮಗ ಒಂದು ಹಸಿರು ಕಾಯಿ ಕಿತ್ತುಕೊಟ್ಟ. ನಡುವೆ ಸೀಳಿ ಲೆನ್ಸ್ ಇಟ್ಟೆ. ಒಳಗೋಡೆಯ ತುಂಬ ಹೂವು! ಒತ್ತೊತ್ತಾಗಿ, ಸಾವಿರಾರು. ನಾವು ಕಾಯಿ ಅನ್ನುವುದೇ ಒಂದು ಹೂಗೊಂಚಲು, ಚೀಲದ ಹಾಗೆ ಒಳಮುಖವಾಗಿ ಮಡಚಿಕೊಂಡದ್ದು. ಹೂವೆಲ್ಲ ಒಳಗೇ ಅರಳಿ ಒಳಗೇ ಮುಗಿಯುತ್ತವೆ. ಅಜ್ಜಿ ಇದ್ದಿದ್ದರೆ ಓಡಿ ಹೋಗಿ ತೋರಿಸುತ್ತಿದ್ದೆ.

ಹಾಗಾದರೆ ಮುಚ್ಚಿದ ಚೀಲದೊಳಗಿನ ಹೂವಿಗೆ ಪರಾಗ ತರುವವರು ಯಾರು? ಜೇನುನೊಣ ಒಳಗೆ ಹೋಗಲಾರದು, ಗಾಳಿಯೂ ಹೋಗದು. ಈ ಕೆಲಸಕ್ಕೆ ಎರಡು ಮಿಲಿಮೀಟರ್ ಉದ್ದದ ಒಂದು ಕಣಜದ ಹುಳ ಇದೆ. ಕಾಯಿಯ ತುದಿಯಲ್ಲಿ ಒಂದು ಸಣ್ಣ ಕಿಂಡಿ ಇರುತ್ತೆ, ಅದಕ್ಕೂ ಪದರ ಪದರವಾಗಿ ಮುಚ್ಚಳ. ಹೆಣ್ಣು ಕಣಜ ಅದರೊಳಗೆ ಮೈ ತೂರಿಸಿಕೊಂಡು ಹೋಗುವಾಗ ರೆಕ್ಕೆ ಹರಿದು ಬೀಳುತ್ತೆ. ಮತ್ತೆ ಹೊರಗೆ ಬರುವ ಮಾತೇ ಇಲ್ಲ. ಎದೆಯ ಹತ್ತಿರದ ಜೇಬಿನಂಥ ಗುಳಿಯಲ್ಲಿ ತಂದ ಪರಾಗವನ್ನು ಹೂವಿಗೆ ಸವರುತ್ತೆ, ಕೆಲವು ಹೂವುಗಳಲ್ಲಿ ಮೊಟ್ಟೆ ಇಡುತ್ತೆ, ಅಲ್ಲೇ ಸಾಯುತ್ತೆ. ಮೊಟ್ಟೆ ಬಿದ್ದ ಹೂವಲ್ಲಿ ಮರಿ ಬೆಳೆಯುತ್ತೆ. ಉಳಿದವುಗಳಲ್ಲಿ ಬೀಜ.

ಕೆಲವು ವಾರ ಕಳೆದ ಮೇಲೆ ಮೊದಲು ಹೊರಬರುವುದು ಗಂಡು. ಅದಕ್ಕೆ ರೆಕ್ಕೆಯೇ ಇಲ್ಲ. ಇನ್ನೂ ಹೂವಿನೊಳಗೇ ಇರುವ ಹೆಣ್ಣುಗಳ ಜೊತೆ ಕೂಡುತ್ತೆ. ಆಮೇಲೆ ಗಂಡುಗಳು ಕಾಯಿಯ ಗೋಡೆ ಕೊರೆದು ದಾರಿ ಮಾಡಿ ಪ್ರಾಣ ಬಿಡುತ್ತವೆ. ಆ ಹೊತ್ತಿಗೆ ಸರಿಯಾಗಿ ಗಂಡು ಹೂವುಗಳಲ್ಲಿ ಪರಾಗ ಸಿದ್ಧವಾಗಿರುತ್ತೆ. ಹೆಣ್ಣುಗಳು ಅದನ್ನು ತುಂಬಿಕೊಂಡು ಹಾರುತ್ತವೆ. ಅವಕ್ಕೆ ಉಳಿದಿರುವ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಸರಿಯಾದ ಹದದ ಕಾಯಿ ಇರುವ ಇನ್ನೊಂದು ಅತ್ತಿ ಮರ ಸಿಗಬೇಕು. ಹಾಗಾಗಿಯೇ ಅತ್ತಿ ಮರಗಳೆಲ್ಲ ಒಟ್ಟಿಗೆ ಕಾಯಿ ಬಿಡುವುದಿಲ್ಲ. ವರ್ಷವಿಡೀ ಎಲ್ಲೋ ಒಂದು ಮರದಲ್ಲಿ ಕಾಯಿ ಇದ್ದೇ ಇರುತ್ತೆ. ಬೇರೆ ಹಣ್ಣು ಸಿಗದ ಕಾಲದಲ್ಲಿ ಬಾವಲಿ, ಕೋತಿ, ಕುಟ್ರುಹಕ್ಕಿ, ಮಂಗಟ್ಟೆಗಳ ಹೊಟ್ಟೆ ತುಂಬುವುದು ಇದರಿಂದ.

"ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ" ಅಂತ ಎಷ್ಟು ಸಲ ಕೇಳಿದ್ದೇವೆ, ಅಲ್ವಾ? ಮೇಲೆ ಚೆಂದ, ಒಳಗೆ ಕೊಳಕು ಅನ್ನುವವರಿಗೆ ಹೇಳುವ ಮಾತು. ನಾನೂ ಹೇಳಿದ್ದೇನೆ. ಈಗ ಹೇಳಲು ಮನಸ್ಸು ಬರುವುದಿಲ್ಲ. ಆ ಹುಳ ಇಲ್ಲದಿದ್ದರೆ ಅತ್ತಿಯಲ್ಲಿ ಬೀಜವೇ ಕಟ್ಟುವುದಿಲ್ಲ.

ಆಲ, ಅರಳಿ, ಬಸರಿ, ಗೋಣಿ ಎಲ್ಲ ಇದೇ ಕುಲದವು. ಜಗತ್ತಿನಲ್ಲಿ ಈ ಕುಲದ ಮರಗಳು 700ಕ್ಕೂ ಜಾಸ್ತಿ ಬಗೆ. ಹೆಚ್ಚಿನವಕ್ಕೆ ಅದರದ್ದೇ ಕಣಜ. ಕ್ಯಾಲಿಫೋರ್ನಿಯಾದ ರೈತರಿಗೆ ಇದು ಕಷ್ಟಪಟ್ಟ ಮೇಲೆ ಗೊತ್ತಾಯಿತು. 1880ರ ದಶಕದಲ್ಲಿ ಟರ್ಕಿಯ ಸ್ಮಿರ್ನಾ ಅಂಜೂರವನ್ನು ತರಿಸಿ ನೆಟ್ಟರು. ಗಿಡ ಚೆನ್ನಾಗಿ ಬೆಳೆಯಿತು, ಕಾಯಿ ಮಾತ್ರ ಹಣ್ಣಾಗದೆ ಉದುರಿತು. 1899ರಲ್ಲಿ ಕಣಜವನ್ನೂ ತಂದು ನೆಲೆಗೊಳಿಸಿದ ಮೇಲೇ ಫಸಲು ಕೈಗೆ ಬಂದದ್ದು. (ನಮ್ಮ ತೋಟಗಳ ಅಂಜೂರ ಬೇರೆ ಬಗೆ, ಅದು ಕಣಜ ಇಲ್ಲದೆಯೂ ಹಣ್ಣಾಗುತ್ತೆ.)

ಅತ್ತಿಗೆ ಕಳ್ಳರ ಕಾಟವೂ ಇದೆ. ಇನ್ನು ಕೆಲವು ಜಾತಿಯ ಕಣಜಗಳು ಒಳಗೆ ಹೋಗುವುದೇ ಇಲ್ಲ. ಹೊರಗೇ ಕೂತು, ಕೂದಲಿಗಿಂತ ತೆಳುವಾದ ಸೂಜಿಯಿಂದ ಗಟ್ಟಿ ಕಾಯಿಯನ್ನು ಕೊರೆದು ಮೊಟ್ಟೆ ಇಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಂಥ ಒಂದು ಕಣಜದ ಸೂಜಿಯ ತುದಿಯಲ್ಲಿ ಸತು ಇರುವುದನ್ನು 2014ರಲ್ಲಿ ಪ್ರಕಟಿಸಿದರು. ನಮ್ಮ ಡ್ರಿಲ್ ಬಿಟ್ಟಿಗೆ ತುದಿ ಗಟ್ಟಿ ಮಾಡುತ್ತಾರಲ್ಲ, ಹಾಗೆ. ಈ ಕಳ್ಳರನ್ನು ಹಿಡಿಯುವುದು ಕೆಂಜಿಗ. ಕೊರೆಯಲು ಹೊತ್ತು ಬೇಕು, ಅಷ್ಟರಲ್ಲಿ ಇರುವೆ ಬಂದು ಹಿಡಿಯುತ್ತೆ. ನಮ್ಮ ಮರದ ಮೇಲೆ ಕೆಂಜಿಗ ಕಚ್ಚುತ್ತೆ ಅಂತ ಮಾವ ಪುಡಿ ಎರಚುತ್ತಿದ್ದರು. ಈಗ ಬೇಡ ಅಂತ ಹೇಳಿ ಒಪ್ಪಿಸಿದ್ದೇನೆ.

ಹೊರಡುವ ಹಿಂದಿನ ದಿನ, ಕೆಂಪಾಗಲು ಶುರುವಾಗಿದ್ದ ನಾಲ್ಕು ಕಾಯಿ ಕಿತ್ತು ಸ್ಟೀಲ್ ಲೋಟದಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟೆ. ಬೆಳಿಗ್ಗೆ ಕಾಫಿ ಆಗುತ್ತಿರುವಾಗ ಹುಡುಗ ಕೂಗಿದ, "ಚಿಕ್ಕಮ್ಮಾ, ಬಾ, ಬಂದಿದಾವೆ!" ಒಂದು ಕಾಯಿಯಲ್ಲಿ ತೂತು ಬಿದ್ದಿತ್ತು. ಬಟ್ಟೆಯ ಒಳಮೈಗೆ ಸಾಸಿವೆಯಷ್ಟು ಸಣ್ಣ ಹುಳಗಳು ಅಂಟಿಕೊಂಡಿದ್ದವು. ಬಾವಿಕಟ್ಟೆಗೆ ಒಯ್ದು ಅವನ ಕೈಯಲ್ಲೇ ಬಟ್ಟೆ ಬಿಚ್ಚಿಸಿದೆ. ಒಂದೊಂದಾಗಿ ಲೋಟದ ಅಂಚಿಗೆ ಬಂದವು, ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡವು, ಗಾಳಿ ಬೀಸಿದ ಕಡೆಗೆ ಹೊರಟವು. ಕೆರೆ ಏರಿಯ ಮೇಲೆ ಇನ್ನೊಂದು ಅತ್ತಿ ಮರ ಇದೆ. ಗಾಳಿ ಆ ಕಡೆಗೇ ಇತ್ತು.