ಹ್ಯಾವ್‌ಲಾಕ್, ನೀಲ್ ದ್ವೀಪಕ್ಕೆ ಇಬ್ಬರೇ ಹೊರಟರೆ: ಹಡಗು, ಉಬ್ಬರವಿಳಿತ ಮತ್ತು ಐದು ಗಂಟೆಯ ಸೂರ್ಯಾಸ್ತ

ಅಂಡಮಾನಿಗೆ ಹೋಗಬೇಕೆಂದುಕೊಂಡ ಜೋಡಿಗಳು ಮೊದಲು ಹುಡುಕುವುದು ನೋಡುವ ಸ್ಥಳಗಳ ಪಟ್ಟಿಯನ್ನು. ಐದು ದಿನಕ್ಕೆ ಹತ್ತು ಬೀಚು, ಮೂರು ದ್ವೀಪ, ಒಂದು ಗುಹೆ ಎಂದು ಹೊಂದಿಸಿಕೊಂಡು ಹೋದವರ ಅರ್ಧ ರಜೆ ಜೆಟ್ಟಿಯ ಸಾಲಿನಲ್ಲೇ ಮುಗಿದುಹೋಗುತ್ತದೆ. ಅಲ್ಲಿ ದಿನವನ್ನು ನಡೆಸುವುದು ಹಡಗಿನ ವೇಳೆ, ಸಮುದ್ರದ ಉಬ್ಬರವಿಳಿತ ಮತ್ತು ಬೇಗ ಮುಳುಗುವ ಸೂರ್ಯ. ಈ ಮೂರನ್ನೂ ತಿಳಿದುಕೊಂಡ ಮೇಲೆ ಟಿಕೆಟ್ ತೆಗೆದರೆ ಖರ್ಚೂ ಕಡಿಮೆ, ಜಗಳವೂ ಕಡಿಮೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸರ ಹೆಸರು ಬಂತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಜನರ ಬಾಯಲ್ಲಿ ಹಳೆಯ ಹೆಸರು, ಟಿಕೆಟ್ಟಿನಲ್ಲಿ ಹೊಸ ಹೆಸರು ಇರಬಹುದು. ಎರಡೂ ಗೊತ್ತಿದ್ದರೆ ಬುಕಿಂಗ್ ಮಾಡುವಾಗ ಗಾಬರಿಯಾಗುವುದಿಲ್ಲ.

ತಿಂಗಳು ಆರಿಸುವಾಗ ಸಮುದ್ರವನ್ನು ನೋಡಿ ಆರಿಸಿ. ಫೆಬ್ರವರಿ, ಮಾರ್ಚ್ ಬಹಳ ಒಳ್ಳೆಯ ಕಾಲ: ಅಲೆ ಕಡಿಮೆ, ನೀರು ತಿಳಿ, ಮಳೆ ಅಪರೂಪ. ಡಿಸೆಂಬರ್ ಕೊನೆ ಮತ್ತು ಜನವರಿ ಮೊದಲ ವಾರದಲ್ಲಿ ಹವೆ ಚೆನ್ನಾಗಿದ್ದರೂ ಕೋಣೆ ಸಿಗುವುದಿಲ್ಲ, ಸಿಕ್ಕರೂ ದರ ಏರಿರುತ್ತದೆ. ಮೇ ನಡುವಿನ ಹೊತ್ತಿಗೆ ಮುಂಗಾರು ಶುರುವಾಗುತ್ತದೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಹಡಗು ರದ್ದಾಗುವುದು ಮಾಮೂಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಚಂಡಮಾರುತದ ಭಯ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕೋಣೆ ಅಗ್ಗ ಎಂದು ಹೋಗುವವರು ಎರಡು ದಿನ ಹೆಚ್ಚುವರಿ ಇಟ್ಟುಕೊಂಡೇ ಹೋಗಬೇಕು.

ದಿನಾಂಕ ಗೊತ್ತುಮಾಡುವ ಮುನ್ನ ಪಂಚಾಂಗವನ್ನೂ ಒಮ್ಮೆ ನೋಡಿ. ಅಮಾವಾಸ್ಯೆಯ ಆಸುಪಾಸು ಹ್ಯಾವ್‌ಲಾಕಿನಲ್ಲಿದ್ದರೆ ಎರಡು ಲಾಭ. ಒಂದು, ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ ರಾತ್ರಿ ಕಯಾಕ್ ನಡೆಸುವಾಗ ಹುಟ್ಟು ತಾಗಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುತ್ತದೆ. ಇದು ಸೂಕ್ಷ್ಮಜೀವಿಗಳ ಬೆಳಕು, ಬೆಳದಿಂಗಳಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಎರಡು, ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನಗಳಲ್ಲಿ ಇಳಿತ ಬಹಳ ದೂರ ಹೋಗುವುದರಿಂದ ನೀಲ್ ದ್ವೀಪದ ಕಲ್ಲುಕಮಾನಿನ ಬುಡದವರೆಗೂ ನಡೆಯಬಹುದು. ಇಬ್ಬರೇ ಹೋಗುವ ಪ್ರವಾಸದಲ್ಲಿ ಆ ರಾತ್ರಿಯ ಕಯಾಕಿಗೆ ಸಮನಾದದ್ದು ಇನ್ನೊಂದಿಲ್ಲ. ರೆಸಾರ್ಟಿನವರು ಮಾರುವ ಮೇಣದಬತ್ತಿ ಊಟದ ಹಣವನ್ನು ಇದಕ್ಕೆ ತೆಗೆದಿಡಿ.

ಆರು ರಾತ್ರಿ ಇದ್ದರೆ ಹಂಚಿಕೆ ಹೀಗಿರಲಿ: ಮೊದಲ ರಾತ್ರಿ ಪೋರ್ಟ್ ಬ್ಲೇರ್, ಮೂರು ರಾತ್ರಿ ಹ್ಯಾವ್‌ಲಾಕ್, ಒಂದು ನೀಲ್, ಕೊನೆಯದು ಮತ್ತೆ ಪೋರ್ಟ್ ಬ್ಲೇರ್. ಈ ಕೊನೆಯ ರಾತ್ರಿಯನ್ನು ಉಳಿಸಲು ಹೋಗಬೇಡಿ. ಬೆಳಗಿನ ಹಡಗಿನಲ್ಲಿ ಬಂದು ಮಧ್ಯಾಹ್ನದ ವಿಮಾನ ಹತ್ತುತ್ತೇವೆ ಎನ್ನುವ ಲೆಕ್ಕ ಗಾಳಿ ಎದ್ದ ದಿನ ಕೈಕೊಡುತ್ತದೆ. ಹವಾಮಾನದಿಂದ ಹಡಗು ರದ್ದಾದರೆ ಹಡಗಿನ ಹಣ ವಾಪಸು ಬರುತ್ತದೆ, ವಿಮಾನದ್ದು ಬರುವುದಿಲ್ಲ. ಬೆಂಗಳೂರಿನಿಂದ ನೇರ ವಿಮಾನ ಸುಮಾರು ಎರಡೂವರೆ ಗಂಟೆಯ ಹಾದಿ. ಬೆಳಿಗ್ಗೆ ಬೇಗ ಇಳಿದರೆ ಅದೇ ಮಧ್ಯಾಹ್ನದ ಹಡಗಿಗೆ ಹ್ಯಾವ್‌ಲಾಕ್ ಸೇರಬಹುದು, ಆದರೆ ವಿಮಾನ ಇಳಿಯುವುದಕ್ಕೂ ಹಡಗು ಹೊರಡುವುದಕ್ಕೂ ನಡುವೆ ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಯನ್ನು ಇಷ್ಟು ದಿನದಲ್ಲಿ ತುರುಕಬೇಡಿ. ನಸುಕಿಗೂ ಮುಂಚೆ ಎದ್ದು, ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲು ನಿಂತು, ಪೊಲೀಸ್ ಬೆಂಗಾವಲಿನಲ್ಲಿ ಜಾರವಾ ಬುಡಕಟ್ಟಿನ ಮೀಸಲು ಕಾಡನ್ನು ದಾಟಿ ಹೋಗಬೇಕು. ಆ ದಾರಿಯಲ್ಲಿ ವಾಹನ ನಿಲ್ಲಿಸುವುದು, ಫೋಟೋ ತೆಗೆಯುವುದು ಅಪರಾಧ, ಜೈಲಿಗೂ ಕಳಿಸುತ್ತಾರೆ. ಜಾರವಾಗಳ ಬದುಕಿನ ನಡುವೆ ಪ್ರವಾಸಿಗರ ವಾಹನಗಳ ಸಾಲು ಹರಿಯುವುದೇ ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ಹಡಗು. ಪೋರ್ಟ್ ಬ್ಲೇರಿನಲ್ಲಿ ಖಾಸಗಿ ವೇಗದ ಹಡಗುಗಳು ಹ್ಯಾಡೋ ಜೆಟ್ಟಿಯಿಂದ, ಸರ್ಕಾರಿ ಹಡಗುಗಳು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತವೆ. ಎರಡೂ ಬೇರೆ ಬೇರೆ ಜಾಗ. ಆಟೋ ಹತ್ತುವಾಗ ಬರೀ 'ಜೆಟ್ಟಿ' ಎನ್ನಬೇಡಿ, ಟಿಕೆಟ್ಟಿನಲ್ಲಿರುವ ಜೆಟ್ಟಿಯ ಹೆಸರನ್ನೇ ಹೇಳಿ. ಖಾಸಗಿ ಹಡಗಿಗೆ ಹ್ಯಾವ್‌ಲಾಕ್ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗಿಗೆ ಎರಡರಿಂದ ಎರಡೂವರೆ ಗಂಟೆ. ಹ್ಯಾವ್‌ಲಾಕಿನಿಂದ ನೀಲ್‌ಗೆ ಒಂದು ಗಂಟೆಯೊಳಗೆ ತಲುಪಬಹುದು. ಸರ್ಕಾರಿ ಟಿಕೆಟ್ ಬಹಳ ಅಗ್ಗ, ಆದರೆ ಪ್ರಯಾಣಕ್ಕೆ ಕೆಲವೇ ದಿನ ಮುಂಚೆ ಬಿಡುತ್ತಾರೆ, ದ್ವೀಪವಾಸಿಗಳಿಗೆ ಆದ್ಯತೆ ಇರುತ್ತದೆ. ಇದ್ದದ್ದೇ ಐದಾರು ದಿನ ಅಂದಮೇಲೆ ಖಾಸಗಿ ಹಡಗನ್ನು ಒಂದೆರಡು ತಿಂಗಳ ಮುಂಚೆ ಬುಕ್ ಮಾಡುವುದೇ ಸರಿ. ಹಡಗಿನ ಸೀಟು ಸಿಕ್ಕಿದ ಮೇಲೆ ಹೋಟೆಲ್ ಬುಕ್ ಮಾಡಿ. ಹಿಂದುಮುಂದಾದರೆ ಕೋಣೆ ಒಂದು ದಿನ, ಹಡಗು ಇನ್ನೊಂದು ದಿನ ಎಂಬಂತಾಗುತ್ತದೆ. ಟಿಕೆಟ್ಟಿನ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಟಿಕೆಟ್ ಹೊಸ ಹೆಸರಿನಲ್ಲಿ, ಆಧಾರ್ ಹಳೆಯ ಹೆಸರಿನಲ್ಲಿ ಇದ್ದು ತೊಂದರೆಯಾಗುವುದುಂಟು. ಅಸಲು ಗುರುತಿನ ಚೀಟಿ ಹಿಡಿದು ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿರಿ.

ವೇಗದ ಹಡಗಿನ ಒಳಗೆ ಕಿಟಕಿ ತೆರೆಯುವುದಿಲ್ಲ, ಎಸಿ ತಣ್ಣಗೆ ಕೊರೆಯುತ್ತಿರುತ್ತದೆ. ವಾಂತಿಯಾಗುವ ಅಭ್ಯಾಸವಿದ್ದವರು ವೈದ್ಯರನ್ನು ಕೇಳಿ, ಮಾತ್ರೆಯನ್ನು ಹತ್ತುವ ಮುಕ್ಕಾಲು ಅಥವಾ ಒಂದು ಗಂಟೆ ಮುಂಚೆ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಕೆಳಗಿನ ಅಂತಸ್ತಿನ ನಡುಭಾಗದಲ್ಲಿ ತೂಗಾಟ ಕಡಿಮೆ. ದುಬಾರಿ ದರ್ಜೆಯ ಸೀಟು ಸಾಮಾನ್ಯವಾಗಿ ಮೇಲಿನ ಅಂತಸ್ತಿನಲ್ಲಿರುತ್ತದೆ, ಅಲ್ಲಿ ಓಲಾಟ ಹೆಚ್ಚು. ಹಾಗಾಗಿ ಹೆಚ್ಚು ಹಣ ಕೊಟ್ಟು ಹೆಚ್ಚು ಸಂಕಟ ಕೊಳ್ಳಬೇಡಿ. ಮೊಬೈಲ್ ನೋಡಬೇಡಿ, ದೂರದ ದಿಗಂತ ನೋಡಿ.

ಅಂಡಮಾನ್ ಸುಮಾರು 93 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೂ ಗಡಿಯಾರ ಭಾರತದ್ದೇ. ಅದರಿಂದ ಬೆಂಗಳೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂಚೆ ಬೆಳಗಾಗುತ್ತದೆ, ಒಂದು ಗಂಟೆ ಮುಂಚೆ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಿ ಐದೂಕಾಲರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹತ್ತಕ್ಕೆ ಎದ್ದು ನಿಧಾನವಾಗಿ ತಿಂಡಿ ತಿಂದು ಹೊರಡುವವರಿಗೆ ಉಳಿಯುವುದು ಐದಾರು ಗಂಟೆ ಬೆಳಕು. ಐದೂವರೆಗೆ ಎದ್ದರೆ ತಂಪಾದ ಮೂರು ಗಂಟೆ ಇಬ್ಬರಿಗೇ ಸಿಗುತ್ತದೆ, ದಡದಲ್ಲಿ ಬೇರೆ ಯಾರೂ ಇರುವುದಿಲ್ಲ. ಊಟದ ಮನೆಗಳೂ ಒಂಬತ್ತರ ಹೊತ್ತಿಗೆ ಒಲೆ ಆರಿಸುತ್ತವೆ.

ಹ್ಯಾವ್‌ಲಾಕಿನಲ್ಲಿ ಬೀಚುಗಳಿಗೆ ಸಂಖ್ಯೆಯೇ ಹೆಸರು. ಬಹುತೇಕ ಹೋಟೆಲುಗಳಿರುವ 3 ಮತ್ತು 5ನೇ ನಂಬರಿನ ದಡ ಪೂರ್ವಕ್ಕೆ ಮುಖಮಾಡಿದೆ, ಅಲ್ಲಿ ಸೂರ್ಯೋದಯ. ಸೂರ್ಯಾಸ್ತಕ್ಕೆ ಪಶ್ಚಿಮದ 7ನೇ ನಂಬರಿಗೆ, ಅಂದರೆ ರಾಧಾನಗರಕ್ಕೆ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್ ಹೋಗಬೇಕು. ಮೂರೂವರೆಗೆಲ್ಲ ಅಲ್ಲಿರಿ. ಬಾಡಿಗೆ ಸ್ಕೂಟರ್ ಅನುಕೂಲ, ಆದರೆ ವಾಪಸು ಬರುವ ದಾರಿ ಕಾಡಿನ ನಡುವೆ ಕತ್ತಲಲ್ಲಿ ಏರಿಳಿಯುತ್ತದೆ. ಬಾಡಿಗೆ ಕೊಡುವಾಗಲೇ ಹೆಡ್‌ಲೈಟ್, ಬ್ರೇಕ್ ನೋಡಿ, ಹಳೆಯ ಗೀರುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಲೈಸೆನ್ಸ್, ಎರಡು ಹೆಲ್ಮೆಟ್ ಬೇಕೇಬೇಕು.

'ಬೀಚಿಗೆ ತಾಗಿದ ಕೋಣೆ' ಎಂದು ಹಣ ಕೊಟ್ಟವರು 5ನೇ ನಂಬರಿನಲ್ಲಿ ಬೇಸರಪಡುವುದೇ ಹೆಚ್ಚು. ಅಲ್ಲಿ ದಡದಿಂದ ಬಹಳ ದೂರದವರೆಗೆ ನೀರು ಆಳವಿಲ್ಲ. ಇಳಿತದಲ್ಲಿ ಸಮುದ್ರ ನೂರಾರು ಮೀಟರ್ ಹಿಂದೆ ಸರಿದು ಕಲ್ಲು, ಸತ್ತ ಹವಳ, ಕೆಸರು ಕಾಣುತ್ತದೆ, ಈಜಲು ಮೊಣಕಾಲುದ್ದ ನೀರೂ ಇರುವುದಿಲ್ಲ. ಅದೇ ಜಾಗ ಆರು ಗಂಟೆ ಬಿಟ್ಟು ನೋಡಿದರೆ ಹಸಿರು ನೀರಿನಿಂದ ತುಂಬಿರುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ನೀರಿನ ಏರಿಳಿತ ಸುಮಾರು ಎರಡು ಮೀಟರ್, ಅಷ್ಟಮಿಯ ಹೊತ್ತಿಗೆ ಬಹಳ ಕಡಿಮೆ. ಪೋರ್ಟ್ ಬ್ಲೇರಿನ ಉಬ್ಬರವಿಳಿತದ ಪಟ್ಟಿ ಫೋನಿನಲ್ಲಿ ಸಿಗುತ್ತದೆ. ಹೋಗುವ ಮುನ್ನವೇ ಅದರ ಚಿತ್ರ ಉಳಿಸಿಕೊಳ್ಳಿ, ಅಲ್ಲಿ ನೆಟ್‌ವರ್ಕ್ ಬೇಕಾದಾಗಲೇ ಕೈಕೊಡಬಹುದು. ಉಬ್ಬರದ ಎರಡು ಗಂಟೆ ಆಚೀಚೆ ಈಜು, ಕಾಲಾಪತ್ಥರ್ ದಡ ಮತ್ತು ನೀಲ್‌ನ ಕಲ್ಲುಕಮಾನಿಗೆ ಇಳಿತದ ಹೊತ್ತು, ಹೀಗೆ ದಿನವನ್ನು ಜೋಡಿಸಿಕೊಳ್ಳಿ. ಕಮಾನಿಗೆ ನೀರು ಇನ್ನೂ ಇಳಿಯುತ್ತಿರುವಾಗಲೇ ಹೋದರೆ ಹಿಂದಿರುಗಲು ಸಮಯ ಸಿಗುತ್ತದೆ. ಹವಳದ ಕಲ್ಲು ಕತ್ತರಿಸುವಷ್ಟು ಹರಿತ, ಚಪ್ಪಲಿ ಜಾರುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿಕೊಳ್ಳಿ.

ಸ್ಕೂಬಾ ಮಾಡಬೇಕೆಂದಿದ್ದರೆ ಹ್ಯಾವ್‌ಲಾಕಿನ ಮೊದಲ ಇಡೀ ದಿನವೇ ಮಾಡಿ. ಮುಳುಗಿದ ಮೇಲೆ ವಿಮಾನ ಹತ್ತುವ ಮೊದಲು ಒಂದು ಮುಳುಗಿಗೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಸಲ ಮುಳುಗಿದರೆ 18 ಗಂಟೆ ಬಿಡಬೇಕು. ನಾವು ಹೇಳುವುದು ಪೂರ್ತಿ ಒಂದು ದಿನ. ನೀರಿನೊಳಗಿನ ಒತ್ತಡದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ, ವಿಮಾನದೊಳಗಿನ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಿ ಹೊರಬರುವುದೇ ಅಪಾಯ. ಈಜು ಬಾರದವರೂ ಶಿಕ್ಷಕರ ಜೊತೆ 12 ಮೀಟರ್‌ವರೆಗಿನ ಪರಿಚಯ ಮುಳುಗು ಮಾಡಬಹುದು. ಬುಕ್ ಮಾಡುವಾಗ ಕೇಳಬೇಕಾದ್ದು: ಇಬ್ಬರಿಗೂ ಬೇರೆ ಬೇರೆ ಶಿಕ್ಷಕರೇ, ದಡದಿಂದ ಇಳಿಸುತ್ತಾರೋ ದೋಣಿಯಿಂದಲೋ, ಹೇಳುವ ಸಮಯ ನೀರೊಳಗಿನದೋ ಅಥವಾ ಉಡುಪು ಹಾಕುವುದೂ ಸೇರಿಯೋ, ಫೋಟೋ ಸೇರಿದೆಯೋ. ನೀರಿಗೆ ಹೆದರುವವರಿಗೆ ದಡದಿಂದ ನಡೆದು ಇಳಿಯುವ ನೀಮೋ ರೀಫ್ ಒಳ್ಳೆಯದು.

ಅಸ್ತಮಾ, ಸೈನಸ್, ಕಿವಿಯ ತೊಂದರೆ, ಹೃದಯದ ಕಾಯಿಲೆ, ಗರ್ಭಿಣಿ ಎಂಬುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ನೆಗಡಿ ಇದ್ದ ದಿನ ಇಳಿಯಲೇಬೇಡಿ, ಕಿವಿಯ ಒತ್ತಡ ಸರಿಯಾಗದೆ ತಮಟೆ ಹರಿಯಬಹುದು. ಪ್ರತಿ ಮೀಟರಿಗೂ, ನೋವು ಬರುವ ಮೊದಲೇ, ಮೂಗು ಹಿಡಿದು ಮೆಲ್ಲಗೆ ಊದಬೇಕು. ಉಸಿರು ಹಿಡಿಯಬಾರದು, ಬಾಯಿಂದ ನಿಧಾನವಾಗಿ ಆಡುತ್ತಲೇ ಇರಬೇಕು. ಹೊಸಬರು ಮಾಡುವ ಒಂದು ಎಡವಟ್ಟು ಇದೆ: ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ಎತ್ತುತ್ತಾರೆ. ನೀರೊಳಗೆ ಅದರರ್ಥ 'ಮೇಲಕ್ಕೆ ಹೋಗೋಣ', ಶಿಕ್ಷಕರು ಕೂಡಲೇ ಮೇಲೆ ತಂದುಬಿಡುತ್ತಾರೆ. ಚೆನ್ನಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ಮೀಸೆ ದಪ್ಪಗಿದ್ದರೆ ಮಾಸ್ಕಿನೊಳಗೆ ನೀರು ಜಿನುಗುತ್ತದೆ, ಕೂದಲಿನ ಒಂದು ಎಳೆ ಸಿಕ್ಕಿಕೊಂಡರೂ ಅಷ್ಟೇ. ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಇದೆಯೇ ಎಂದು ಮೊದಲೇ ಕೇಳಿ.

ಎಲಿಫೆಂಟ್ ಬೀಚಿಗೆ ಜೆಟ್ಟಿಯಿಂದ ದೋಣಿಯಲ್ಲಿ ಸುಮಾರು ಇಪ್ಪತ್ತು ನಿಮಿಷ, ಇಲ್ಲವೇ ಕಾಡಿನ ಕಾಲುದಾರಿ. ಮಳೆ ಬಿದ್ದಿದ್ದರೆ ದಾರಿ ಕೆಸರು, ಉಬ್ಬರವಿದ್ದರೆ ಕೊನೆಯ ತುಂಡು ನೀರೊಳಗೆ. ಮೊದಲ ದೋಣಿಗೇ ಹೋಗಿ. ಹತ್ತರ ಮೇಲೆ ಜನಜಂಗುಳಿಯಲ್ಲಿ ನೀರು ಕದಡಿರುತ್ತದೆ. 2010ರಲ್ಲಿ ಸಮುದ್ರ ವಿಪರೀತ ಬಿಸಿಯಾಗಿ ಅಂಡಮಾನಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿದವು, ಆಳವಿಲ್ಲದ ಕಡೆ ಅನೇಕವು ಮತ್ತೆ ಚೇತರಿಸಲಿಲ್ಲ. ಉಳಿದದ್ದರ ಮೇಲೆ ದಯವಿಟ್ಟು ನಿಲ್ಲಬೇಡಿ, ಲೈಫ್ ಜಾಕೆಟ್ ತೊಟ್ಟು ಮೇಲೆಯೇ ತೇಲಿ. ಬಿಸಿಲಿಗೆ ಬೆನ್ನು ಸುಡದಂತೆ ಕ್ರೀಮಿಗಿಂತ ಉದ್ದ ತೋಳಿನ ಈಜುಡುಪು ಮೇಲು.

ಮೊಸಳೆ ಇದೆಯೇ ಎಂದು ಕೇಳುವವರಿಗೆ ಉತ್ತರ: ಇದೆ. ಉಪ್ಪುನೀರಿನ ಮೊಸಳೆ. 2010ರಲ್ಲಿ ರಾಧಾನಗರದ ಬಳಿಯೇ ಒಬ್ಬ ಪ್ರವಾಸಿಯ ಜೀವ ಹೋಗಿದೆ. ಕಾಂಡ್ಲಾ ಕಾಡು, ತೊರೆಯ ಬಾಯಿ, ರಾಧಾನಗರದ ತುದಿಯ ನೀಲ್ಸ್ ಕೋವ್, ಇಂಥ ಕಡೆ ನೀರಿಗಿಳಿಯಬೇಡಿ. ಜೀವರಕ್ಷಕರು ಗುರುತು ಹಾಕಿದ ಪಟ್ಟಿಯೊಳಗೇ ಈಜಿ, ಮಬ್ಬುಗತ್ತಲಾದ ಮೇಲೆ ಬೇಡ. ಇಷ್ಟು ಪಾಲಿಸಿದರೆ ಹೆದರಿಕೆಯ ಅಗತ್ಯವಿಲ್ಲ. ನಿತ್ಯದ ಕಾಟ ಕೊಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣ. ಬೆಳಿಗ್ಗೆ, ಸಂಜೆ ಒದ್ದೆ ಮರಳಿನ ಮೇಲೆ ಕೂತವರ ಕಾಲಿಗೆ ಕಚ್ಚಿ ವಾರಗಟ್ಟಲೆ ಕೆರೆಸುತ್ತದೆ. ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ, ಮರಳಿನ ಮೇಲೆ ದಪ್ಪ ಬಟ್ಟೆ ಹಾಸಿ ಕೂರಿ.

ನೀಲ್ ಚಿಕ್ಕದು, ನಿಧಾನದ್ದು, ಸೈಕಲ್ ಸಾಕು. ಬೆಳಿಗ್ಗೆ ಸೀತಾಪುರ, ಸಂಜೆ ಲಕ್ಷ್ಮಣಪುರ, ನಡುವೆ ಜೆಟ್ಟಿ ಪಕ್ಕದ ಭರತಪುರದಲ್ಲಿ ಈಜು. ಇಲ್ಲಿಗೆ ಹಗಲಿನಲ್ಲಿ ಬಂದು ಸಂಜೆಯ ಹಡಗಿಗೆ ಓಡುವವರಿಗೆ ಏನೂ ಸಿಗುವುದಿಲ್ಲ, ಒಂದು ರಾತ್ರಿ ತಂಗಲೇಬೇಕು.

ಪ್ಯಾಕೇಜ್ ತೆಗೆದುಕೊಳ್ಳುವವರು ಹೋಟೆಲಿನ ಹೆಸರು, ಕೋಣೆಯ ಬಗೆ, ಹಡಗಿನ ಹೆಸರು ಮತ್ತು ಹೊರಡುವ ಹೊತ್ತನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 'ಅಥವಾ ಅದಕ್ಕೆ ಸಮನಾದದ್ದು' ಎಂಬ ಸಾಲು ಇದ್ದರೆ ಆ ಸಮನಾದದ್ದು ಯಾವುದು ಎಂದೂ ಕೇಳಿ. ಮಧ್ಯಾಹ್ನದ ಹಡಗು ಹಾಕಿಕೊಟ್ಟರೆ ಒಂದು ದಿನವೇ ಹೋಯಿತು ಎಂದುಕೊಳ್ಳಿ. ಯುಪಿಐ ಬಹುತೇಕ ಕಡೆ ನಡೆಯುತ್ತದೆ, ಆದರೂ ಎರಡು ದ್ವೀಪಗಳ ಸ್ಕೂಟರ್, ಆಟೋ, ಎಳನೀರು, ಊಟಕ್ಕೆ ಸಾಕಾಗುವಷ್ಟು ನಗದು ಪೋರ್ಟ್ ಬ್ಲೇರಿನಲ್ಲೇ ತೆಗೆದಿಟ್ಟುಕೊಳ್ಳಿ.

ಕೊನೆಯ ದಿನದ ಮಧ್ಯಾಹ್ನವನ್ನು ಸೆಲ್ಯುಲಾರ್ ಜೈಲಿಗೆ ಇಡಿ. 1906ರಲ್ಲಿ ಕಟ್ಟಿ ಮುಗಿಸಿದ ಏಳು ರೆಕ್ಕೆಗಳಲ್ಲಿ ಈಗ ಮೂರು ಉಳಿದಿವೆ. ಸಂಜೆಯ ಧ್ವನಿಬೆಳಕಿನ ಪ್ರದರ್ಶನಕ್ಕೆ ಟಿಕೆಟ್ ಮುಂಚೆಯೇ ತೆಗೆಯಬೇಕು, ಭಾಷೆಯನ್ನೂ ನೋಡಿಕೊಳ್ಳಿ. ರಾತ್ರಿ ಚೀಲ ಕಟ್ಟುವಾಗ ದಡದಲ್ಲಿ ಆಯ್ದ ಹವಳ, ಚಿಪ್ಪು ಏನಿದ್ದರೂ ಹೊರಗಿಡಿ. ಹವಳ ಮತ್ತು ಹಲವು ಬಗೆಯ ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪ್ರಕರಣವಾಗುತ್ತದೆ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ಸಾಮಾನಿಗೆ ರಸೀದಿ ಕೇಳಿ ಪಡೆದು, ಅದನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.