ಹಗುರ ರಿವಾಲ್ವರಿನ ಭಾರ

ಬಟ್ಟೆಯ ಮರೆಯಲ್ಲಿ ಒಯ್ಯುವುದಕ್ಕೆಂದು ನಾನು ಮೊದಲು ಆರಿಸಿಕೊಂಡ ರಿವಾಲ್ವರಿನ ತೂಕ 400 ಗ್ರಾಂ ಆಸುಪಾಸಿನಲ್ಲಿತ್ತು. ಅಂಗೈಯಲ್ಲಿಟ್ಟು ತೂಗಿ ನೋಡಿದಾಗ ಆದ ಸಂತೋಷವನ್ನು ಬಿಟ್ಟರೆ ಆ ಆಯ್ಕೆಗೆ ಬೇರೆ ಕಾರಣವೇ ಇರಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ. ಜೇಬಿನಲ್ಲಿದೆಯೋ ಇಲ್ಲವೋ ಎಂಬುದೇ ಮರೆತುಹೋಗುವಷ್ಟು ಹಗುರವಾಗಿದ್ದ ಅದನ್ನು ಶೂಟಿಂಗ್ ರೇಂಜಿಗೆ ಕೊಂಡೊಯ್ದ ಮೊದಲ ದಿನ, ಐದೈದು ತೋಟಾಗಳಂತೆ ಐದು ಸಲ ತುಂಬಿ ಹಾರಿಸುವಷ್ಟರಲ್ಲಿ ಹೆಬ್ಬೆರಳಿನ ಬುಡದ ಚರ್ಮ ಸುಲಿದಿತ್ತು. ಆರನೆಯ ಸಲಕ್ಕೆ, ಗುಂಡು ಹಾರುವ ಮುನ್ನವೇ ಕೈ ಅಂಜಿ ನಳಿಗೆಯ ತುದಿಯನ್ನು ಕೆಳಕ್ಕೆ ತಳ್ಳತೊಡಗಿತ್ತು. ಆಮೇಲಿನ ತಿಂಗಳುಗಳಲ್ಲಿ ಅಭ್ಯಾಸ ತಪ್ಪಿಸಲು ಒಂದಲ್ಲ ಒಂದು ನೆಪ ಸಿಗುತ್ತಲೇ ಹೋಯಿತು. ಒಯ್ಯಲು ಸುಲಭವಾದ ಆಯುಧವನ್ನು ಹಾರಿಸಲು ಮನಸ್ಸೇ ಬಾರದಿದ್ದರೆ ಅದನ್ನು ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲವೆಂದು ಮನವರಿಕೆಯಾಗಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಮುಂದಿನ ಮಾತೆಲ್ಲ ಪರವಾನಗಿ ಪಡೆದವರಿಗೆ, ಮರೆಯಲ್ಲಿ ಒಯ್ಯಲು ಕಾನೂನು ಅವಕಾಶ ಕೊಟ್ಟಿರುವ ಕಡೆ ಇರುವವರಿಗೆ ಮಾತ್ರ ಅನ್ವಯಿಸುತ್ತದೆ. ಆ ಎರಡೂ ಇಲ್ಲದಿದ್ದರೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ.

ತೂಕದ ವಿಷಯದಲ್ಲಿ ಲೆಕ್ಕ ಬಹಳ ಸರಳ. ಒಂದೇ ಬಗೆಯ ತೋಟಾವನ್ನು 800 ಗ್ರಾಮಿನ ರಿವಾಲ್ವರಿನಿಂದಲೂ 400 ಗ್ರಾಮಿನ ರಿವಾಲ್ವರಿನಿಂದಲೂ ಹಾರಿಸಿದರೆ, ಹಗುರವಾದದ್ದು ಸುಮಾರು ಎರಡು ಪಟ್ಟು ವೇಗದಲ್ಲಿ, ಎರಡು ಪಟ್ಟು ಶಕ್ತಿಯೊಂದಿಗೆ ಹಿಂದಕ್ಕೆ ಒದೆಯುತ್ತದೆ. ಒದೆತದ ಜೊತೆಗೆ ಟ್ರಿಗರಿನ ಬಿಗಿಯನ್ನೂ ಸೇರಿಸಿಕೊಳ್ಳಬೇಕು. ಈ ಪುಟ್ಟ ರಿವಾಲ್ವರುಗಳಲ್ಲಿ ಒಂದೇ ಎಳೆತಕ್ಕೆ ಹ್ಯಾಮರನ್ನು (ತೋಟಾ ಸಿಡಿಸುವ ಸುತ್ತಿಗೆಯನ್ನು) ಎತ್ತಿ ಬಿಡಲು ಐದು ಕಿಲೋಗ್ರಾಮಿನಷ್ಟು ಬಲ ಬೇಕಾಗುವುದು ಸಾಮಾನ್ಯ. ಎಂದರೆ, ತನ್ನ ತೂಕಕ್ಕಿಂತ ಹನ್ನೆರಡು ಪಟ್ಟು ಬಲವನ್ನು ಬೆರಳಿನಿಂದ ಹಾಕುತ್ತಿರುವಾಗ ಆ ವಸ್ತು ಅಲುಗದಂತೆ ಹಿಡಿದಿರಬೇಕು. ಗುರಿಯಿಡಲು ರಿವಾಲ್ವರಿನ ಮೇಲೆ ಹಿಂದೆ ಮುಂದೆ ಇರುವ ಗುರುತುಗಳ ನಡುವಿನ ಅಂತರವೋ ಒಂಬತ್ತು ಸೆಂಟಿಮೀಟರಿನಷ್ಟು. ಅಲ್ಲಿ ಒಂದು ಮಿಲಿಮೀಟರ್ ವಾಲಿದರೆ ಏಳು ಮೀಟರ್ ದೂರದಲ್ಲಿ ಗುಂಡು ಏಳೆಂಟು ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹೊಸಬರಿಗೆ ಪುಟ್ಟ ರಿವಾಲ್ವರೇ ಸುಲಭವೆಂದು ಹೇಳುವವರು ಈ ಲೆಕ್ಕವನ್ನು ಒಮ್ಮೆಯೂ ಹಾಕಿ ನೋಡಿರುವುದಿಲ್ಲವೆಂದು ನನ್ನ ಗುಮಾನಿ. ಅದು ತುಂಬಲು, ಖಾಲಿಯಾಗಿದೆಯೇ ಎಂದು ನೋಡಲು ಸುಲಭ. ಗುರಿಯಿಟ್ಟು ಹಾರಿಸಲು ಕಷ್ಟ.

ಗಿಡ್ಡ ನಳಿಗೆಯ ಈ ಬಗೆ ಹೊಸದೇನೂ ಅಲ್ಲ. ಕೋಲ್ಟ್ ಕಂಪನಿಯ ಆರು ಗುಂಡಿನ ಡಿಟೆಕ್ಟಿವ್ ಸ್ಪೆಷಲ್ 1927ರಲ್ಲಿ ಬಂದಿತು. ಸ್ಮಿತ್ ಅಂಡ್ ವೆಸ್ಸನ್ 1950ರಲ್ಲಿ ಐದು ಗುಂಡಿನ ಚೀಫ್ಸ್ ಸ್ಪೆಷಲ್ ತಂದಿತು. 1957ರಿಂದ ಮಾಡೆಲ್ 36 ಎಂದು ಕರೆಸಿಕೊಂಡ ಆ ರಿವಾಲ್ವರಿನ ಅಳತೆಯೇ ಇಂದಿಗೂ ಈ ವರ್ಗದ ಮಾನದಂಡ. ಒಂದು ಗುಂಡನ್ನು ಬಿಟ್ಟುಕೊಟ್ಟದ್ದರಿಂದ ತೋಟಾಗಳು ಕೂರುವ, ತಿರುಗುವ ಸಿಲಿಂಡರಿನ ದಪ್ಪ 33 ಮಿಲಿಮೀಟರಿನಷ್ಟಕ್ಕೆ ಇಳಿಯಿತು. ಜೇಬಿನಲ್ಲಿ ಉಬ್ಬಿ ಕಾಣುವುದು ಆ ದಪ್ಪವೇ ಹೊರತು ನಳಿಗೆಯ ಉದ್ದವಲ್ಲ. ಅದೇ ಚೌಕಟ್ಟಿನ ಅಲ್ಯೂಮಿನಿಯಂ ಮಿಶ್ರಲೋಹದ ಮಾಡೆಲ್ 642 ಸುಮಾರು 400 ಗ್ರಾಂ ತೂಗುತ್ತದೆ. 2009ರಲ್ಲಿ ಬಂದ ರೂಗರ್ ಎಲ್‌ಸಿಆರ್, ಪಾಲಿಮರನ್ನೂ ಸೇರಿಸಿಕೊಂಡು ಅದಕ್ಕಿಂತ ತುಸು ಹಗುರವಾಯಿತು. ಅದರ ಟ್ರಿಗರ್ ಎಳೆತ ಮೊದಲಿನಿಂದ ಕೊನೆಯವರೆಗೆ ನುಣುಪಾಗಿ ಸಾಗುವುದನ್ನು ನಾನು ಮೆಚ್ಚುತ್ತೇನೆ. ಇನ್ನೊಂದು ಕೊನೆಯಲ್ಲಿ ಅದೇ ಕಂಪನಿಯ ಉಕ್ಕಿನ ಎಸ್‌ಪಿ101 ಇದೆ: ಐದೇ ಗುಂಡು, ಆದರೆ ತೂಕ 700 ಗ್ರಾಂ ಮೀರುತ್ತದೆ. ಸ್ಕ್ಯಾಂಡಿಯಂ ಬೆರೆತ ಚೌಕಟ್ಟು, ಟೈಟೇನಿಯಂ ಸಿಲಿಂಡರ್ ಇರುವ, 350 ಗ್ರಾಮಿಗೂ ಕಡಿಮೆ ತೂಗುವ ಮ್ಯಾಗ್ನಮ್ (ಹೆಚ್ಚು ಶಕ್ತಿಯ ತೋಟಾ ಹಾರಿಸುವ) ರಿವಾಲ್ವರುಗಳೂ ಉಂಟು. ಅವುಗಳ ತಯಾರಿಕೆಯ ಜಾಣ್ಮೆಯನ್ನು ದೂರದಿಂದಲೇ ಗೌರವಿಸುತ್ತೇನೆ.

ತೋಟಾದ ಆಯ್ಕೆ ತೂಕದಿಂದ ಬೇರೆಯಾದ ಪ್ರಶ್ನೆಯಲ್ಲ. .357 ಮ್ಯಾಗ್ನಮ್‌ನ ಕೋಶ, ಎಂದರೆ ಮದ್ದು ತುಂಬುವ ಲೋಹದ ಕವಚ, .38 ಸ್ಪೆಷಲ್‌ನದಕ್ಕಿಂತ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದವಾಗಿರುವುದರಿಂದ, ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ತೋಟಾವನ್ನು ಹಾರಿಸಬಹುದು, .38ರಲ್ಲಿ ಮ್ಯಾಗ್ನಮ್ ತೋಟಾ ಕೂರುವುದಿಲ್ಲ. ಹಾಗಾಗಿ ಮ್ಯಾಗ್ನಮ್ಮನ್ನೇ ತೆಗೆದುಕೊಂಡರೆ ಎರಡಕ್ಕೂ ಆಯಿತು ಎಂಬ ವಾದವಿದೆ. ಉಕ್ಕಿನ ರಿವಾಲ್ವರಾದರೆ ನಾನೂ ಅದನ್ನು ಒಪ್ಪುತ್ತೇನೆ, ಏಕೆಂದರೆ ಆ ಹೆಚ್ಚುವರಿ ತೂಕ .38ರ ಒದೆತವನ್ನು ಇನ್ನಷ್ಟು ತಗ್ಗಿಸುತ್ತದೆ. ಆದರೆ ಎರಡು ಇಂಚಿನ ನಳಿಗೆಯಲ್ಲಿ ಮ್ಯಾಗ್ನಮ್‌ನ ಮದ್ದಿನ ಲಾಭದಲ್ಲಿ ಒಂದಷ್ಟು ಪಾಲು ಬೆಂಕಿಯ ಝಳವಾಗಿ, ಕಿವಿಗಡಚಿಕ್ಕುವ ಸದ್ದಾಗಿ ಹೊರಗೇ ಹೋಗುತ್ತದೆ. ಟೊಳ್ಳು ಮೂತಿಯ ಗುಂಡುಗಳು ಗುರಿಗೆ ತಗುಲಿದಾಗ ಅರಳಲು ಬೇಕಾದ ವೇಗವನ್ನು ಗಿಡ್ಡ ನಳಿಗೆ ಅನೇಕ ವೇಳೆ ಕೊಡುವುದಿಲ್ಲ. ಗಿಡ್ಡ ನಳಿಗೆಗೆಂದೇ ಮಾಡಿದ ತೋಟಾಗಳು ಇದ್ದರೂ ಅವುಗಳನ್ನು ನಮ್ಮದೇ ರಿವಾಲ್ವರಿನಲ್ಲಿ ಹಾರಿಸಿ ನೋಡದೆ ನಂಬಬಾರದು. ಚಪ್ಪಟೆ ಮೂತಿಯ, 148 ಗ್ರೇನ್ (ಸುಮಾರು 9.6 ಗ್ರಾಂ) ತೂಕದ ವಾಡ್‌ಕಟರ್ ಗುಂಡನ್ನು ಗುರಿಪಂದ್ಯಕ್ಕೆಂದೇ ರೂಪಿಸಿದ್ದು. ಅದರ ಒದೆತ ಮೃದು, ಕಾಗದದಲ್ಲಿ ಅದು ಕೊರೆಯುವ ತೂತು ಅಚ್ಚುಕಟ್ಟು. ಅಭ್ಯಾಸಕ್ಕೆ ನಾನು ಬಹುತೇಕ ಅದನ್ನೇ ಬಳಸುತ್ತೇನೆ.

ತೀರ ಹಗುರವಾದ ರಿವಾಲ್ವರುಗಳ ಇನ್ನೊಂದು ಕಾಟವನ್ನು ಕೊಳ್ಳುವ ಹೊತ್ತಿಗೆ ಯಾರೂ ನನಗೆ ಹೇಳಿರಲಿಲ್ಲ. ಒದೆತ ಜೋರಾದಾಗ, ಇನ್ನೂ ಹಾರದೆ ಸಿಲಿಂಡರಿನಲ್ಲಿ ಉಳಿದಿರುವ ತೋಟಾಗಳ ಗುಂಡು ಜಡತ್ವದಿಂದ ಕೋಶ ಬಿಟ್ಟು ಮುಂದಕ್ಕೆ ಜರುಗಬಹುದು. ಅದು ಸಿಲಿಂಡರಿನ ಮುಖವನ್ನು ದಾಟಿ ಚಾಚಿತೆಂದರೆ ಸಿಲಿಂಡರ್ ತಿರುಗದೆ ಸಿಕ್ಕಿಹಾಕಿಕೊಳ್ಳುತ್ತದೆ. ರಿವಾಲ್ವರ್ ಎಂದೂ ಕೈಕೊಡುವುದಿಲ್ಲವೆಂಬ ನಂಬಿಕೆ ಆಗ ಮುರಿದುಬೀಳುತ್ತದೆ. ಇದನ್ನು ಪರೀಕ್ಷಿಸುವುದು ಕಷ್ಟವಲ್ಲ: ನಾಲ್ಕನ್ನು ಹಾರಿಸಿ, ಐದನೆಯದನ್ನು ಹೊರತೆಗೆದು, ಹಾರಿಸುವ ಮುನ್ನ ಅಳೆದಿಟ್ಟುಕೊಂಡ ಉದ್ದದೊಂದಿಗೆ ಹೋಲಿಸಿದರೆ ಸಾಕು.

ಒದೆತ ತಾಳಲಾರದ ಕೈಗಳಿಗೆ .32 ಎಚ್ ಅಂಡ್ ಆರ್ ಮ್ಯಾಗ್ನಮ್ ಎಂಬ ಸಣ್ಣ ತೋಟಾ ಒಳ್ಳೆಯ ದಾರಿ. ಎಷ್ಟೋ ವೇಳೆ ಅದೇ ಚೌಕಟ್ಟಿನಲ್ಲಿ ಐದರ ಬದಲು ಆರು ತೋಟಾಗಳು ಹಿಡಿಯುತ್ತವೆ. .22ರಲ್ಲಿ ಎಂಟು ಹಿಡಿಸಬಹುದಾದರೂ, ಅದರ ಅಂಚಿನಲ್ಲಿ ಕಿಡಿಹೊತ್ತುವ ತೋಟಾ ಉಳಿದವುಗಳಷ್ಟು ಭರವಸೆಯದಲ್ಲ.

ಹ್ಯಾಮರ್ ಹೊರಗೆ ಚಾಚಿರುವ ರಿವಾಲ್ವರನ್ನು ಜೇಬಿನಿಂದ ತೆಗೆಯುವಾಗ ಅದರ ಕೊಕ್ಕೆ ಬಟ್ಟೆಗೆ ಸಿಲುಕುತ್ತದೆ. ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ 1952ರ ಸೆಂಟೆನಿಯಲ್ ಅದನ್ನು ಪೂರ್ತಿ ಒಳಗೆ ಮುಚ್ಚಿತು. 1955ರ ಬಾಡಿಗಾರ್ಡ್ ಎರಡೂ ಪಕ್ಕಕ್ಕೆ ಗೋಡೆ ಕಟ್ಟಿ ತುದಿಯನ್ನಷ್ಟೇ ಬೆರಳಿಗೆ ಬಿಟ್ಟಿತು. ನೋಡಲು ಬಾಡಿಗಾರ್ಡ್ ನನಗೆ ಇಷ್ಟ, ಆದರೆ ಆ ಸಂದಿಯಲ್ಲಿ ಜೇಬಿನ ನೂಲು, ಧೂಳು ತುಂಬಿಕೊಳ್ಳುತ್ತವೆ. ಮರೆಯಲ್ಲಿ ಒಯ್ಯುವುದಕ್ಕೆ ಪೂರ್ತಿ ಮುಚ್ಚಿದ್ದೇ ಮೇಲು. ಹ್ಯಾಮರನ್ನು ಕೈಯಿಂದ ಎತ್ತಿ ಹಗುರ ಎಳೆತದಲ್ಲಿ ಹಾರಿಸುವ ಸೌಲಭ್ಯ ಇದರಿಂದ ತಪ್ಪಿಹೋಗುತ್ತದೆ ನಿಜ, ಆದರೆ ಗಾಬರಿಯ ಗಳಿಗೆಯಲ್ಲಿ ಎತ್ತಿದ ಹ್ಯಾಮರನ್ನು ಮತ್ತೆ ಸುರಕ್ಷಿತವಾಗಿ ಇಳಿಸುವ ಕೆಲಸವೂ ಅದರೊಡನೆ ತಪ್ಪುತ್ತದೆ.

ಎರಡು ಇಂಚಿನ ನಳಿಗೆಯ ಕೆಳಗಿರುವ ಸರಳು ಗಿಡ್ಡವಾದ್ದರಿಂದ ಖಾಲಿ ಕೋಶಗಳನ್ನು ಪೂರ್ತಿ ಹೊರದೂಡುವುದಿಲ್ಲ. ನಳಿಗೆಯನ್ನು ಮೇಲಕ್ಕೆತ್ತಿ ಸರಳನ್ನು ಅಂಗೈಯಿಂದ ಜೋರಾಗಿ ಗುದ್ದಬೇಕು. ಮೂರು ಇಂಚಿನದರಲ್ಲಿ ಈ ತೊಂದರೆ ಕಡಿಮೆ. ಸೊಂಟಪಟ್ಟಿಯಲ್ಲಿ ಒಯ್ಯುವವರು ಆ ಒಂದು ಇಂಚಿಗೆ ಜಿಪುಣತನ ಮಾಡಬೇಕಾಗಿಲ್ಲ. ಮರುತುಂಬಲು, ಎಲ್ಲ ತೋಟಾಗಳನ್ನೂ ಒಟ್ಟಿಗೆ ಕೂರಿಸುವ ದುಂಡನೆಯ ಸ್ಪೀಡ್‌ಲೋಡರ್ ಬೇಗ ಕೆಲಸ ಮಾಡುತ್ತದೆ, ತೋಟಾಗಳನ್ನು ಸಾಲಾಗಿ ಹಿಡಿದಿಡುವ ರಬ್ಬರ್ ಪಟ್ಟಿ ಜೇಬಿನಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಇಷ್ಟೆಲ್ಲ ಮಾಡಿದರೂ ಐದು ಐದೇ. 2018ರಲ್ಲಿ ಬಂದ ಸಿಗ್ ಸಾವರ್ ಪಿ365 ಪಿಸ್ತೂಲು ಅರ್ಧ ಕಿಲೋಗ್ರಾಂ ತೂಕದಲ್ಲಿ ಹತ್ತು ತೋಟಾಗಳ ಮ್ಯಾಗಜೀನನ್ನು ಅಡಗಿಸಿಕೊಂಡ ಮೇಲೆ, ಗುಂಡಿನ ಎಣಿಕೆಯ ಮಾತಿನಲ್ಲಿ ರಿವಾಲ್ವರಿನ ಪರ ವಾದಿಸುವುದು ಹಟವಾದೀತು. ರಿವಾಲ್ವರಿಗೆ ಉಳಿದಿರುವ ಬಲ ಬೇರೆ: ಒಂದು ತೋಟಾ ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ, ಹಿಡಿತ ಸಡಿಲವಾಯಿತೆಂದು ಯಂತ್ರ ಮುನಿಸಿಕೊಳ್ಳುವುದಿಲ್ಲ, ಮೈಗೆ ಮೈ ತಾಗುವಷ್ಟು ಹತ್ತಿರದಲ್ಲೂ ಜರುಗಿ ನಿಂತುಬಿಡುವ ಸ್ಲೈಡ್ (ಪಿಸ್ತೂಲಿನ ಜಾರುವ ಮೇಲ್ಭಾಗ) ಅದಕ್ಕಿಲ್ಲ.

ಜೇಬಿನಲ್ಲಿ ಒಯ್ಯುವುದಾದರೂ ಒರೆ, ಎಂದರೆ ಹೋಲ್‌ಸ್ಟರ್ ಕಡ್ಡಾಯ. ಅದು ಟ್ರಿಗರನ್ನು ಪೂರ್ತಿ ಮುಚ್ಚಬೇಕು. ರಿವಾಲ್ವರ್ ಹೊರಬಂದಾಗ ತಾನು ಜೇಬಿನಲ್ಲೇ ಉಳಿಯಬೇಕು. ಆ ಜೇಬಿನಲ್ಲಿ ಬೀಗದ ಕೈ, ನಾಣ್ಯ, ಪೆನ್ನು ಯಾವುದೂ ಇರಕೂಡದು. ಮನೆಯಲ್ಲಿ ಅದರ ಜಾಗ ಬೀಗ ಹಾಕಿದ ಪೆಟ್ಟಿಗೆಯೊಳಗೆ, ಮಕ್ಕಳಿರಲಿ ಇಲ್ಲದಿರಲಿ. ಹಿಡಿಯುವಾಗ ಬೆರಳುಗಳು ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯ ಬಳಿ ಸುಳಿಯದಂತೆ ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು. ಅಲ್ಲಿಂದ ಚಿಮ್ಮುವ ಬಿಸಿ ಅನಿಲ ಚರ್ಮವನ್ನು ಸೀಳುತ್ತದೆ.

ಈಗ ನನ್ನ ಬಳಿ ಇರುವುದು ಸುಮಾರು 650 ಗ್ರಾಂ ತೂಗುವ, ಹ್ಯಾಮರ್ ಮುಚ್ಚಿದ, ತುಕ್ಕು ಹಿಡಿಯದ ಉಕ್ಕಿನ ರಿವಾಲ್ವರ್. ಅದು ಜೇಬಿಗೆ ಒಗ್ಗಲಿಲ್ಲ; ತೆಳು ಬಟ್ಟೆಯನ್ನು ಒಂದು ಪಕ್ಕಕ್ಕೆ ಜಗ್ಗುತ್ತಿತ್ತು. ಗಟ್ಟಿ ಸೊಂಟಪಟ್ಟಿಯೊಂದನ್ನು ಕೊಂಡು, ರಿವಾಲ್ವರನ್ನು ಸೊಂಟಪಟ್ಟಿಯ ಒಳಬದಿಗೆ ಸಾಗಿಸಿದೆ. ಹಿಡಿಯನ್ನೂ ಬದಲಿಸಿ, ಕಿರುಬೆರಳಿಗೆ ಜಾಗವಿಲ್ಲದ ಮರದ ಹಿಡಿಯ ಬದಲು ಅರ್ಧ ಬೆರಳಿನಷ್ಟು ಉದ್ದವಾದ ರಬ್ಬರಿನದನ್ನು ಹಾಕಿಸಿದೆ. ಮರೆಮಾಚುವುದು ಅಷ್ಟರಮಟ್ಟಿಗೆ ಕಷ್ಟವಾಗಿದೆ. ಕುಳಿತು ಏಳುವಾಗ ಅಂಗಿಯನ್ನು ಸರಿಪಡಿಸಿಕೊಳ್ಳುವ ಚಾಳಿಯೂ ಅಂಟಿಕೊಂಡಿದೆ. ಆದರೆ ಕಳೆದ ವಾರ ರೇಂಜಿನಲ್ಲಿ ಹತ್ತನೆಯ ಸಲ ತುಂಬಿ ಹಾರಿಸಿದ ಮೇಲೂ ಹನ್ನೊಂದನೆಯದಕ್ಕೆ ತೋಟಾ ಉಳಿದಿದೆಯೇ ಎಂದು ಚೀಲ ತಡಕಾಡುತ್ತಿದ್ದೆ.