ಪೆನ್ಸಿಲ್ ಗೆರೆ ಎಳೆದ ಸಾಲು

ನಾನು ಬರೆದ ಮೊದಲ ಕಥೆ ಇದೇ ಕಾಲೇಜಿನ ಸಂಚಿಕೆಗೆಂದು ಬರೆದದ್ದು. ಆಗ ಮೊದಲ ಪಿಯುಸಿ. ಕಥೆ ಅಜ್ಜಿಯ ಬಗ್ಗೆ. ಕೊನೆಯಲ್ಲಿ ಅಜ್ಜಿ ಕಿಟಕಿಯಾಚೆ ನೋಡುತ್ತಾ "ನನ್ನ ಜೀವನವೇ ವ್ಯರ್ಥವಾಯಿತು ಮಗು" ಅನ್ನುತ್ತಾಳೆ. ಆ ಸಾಲು ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು. ಕನ್ನಡ ಮೇಷ್ಟ್ರು ಕಥೆ ಪೂರ್ತಿ ಓದಿದರು. ಆ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ಕೇಳಿದರು: "ನಿಮ್ಮಜ್ಜಿ ಹೀಗೆ ಮಾತಾಡ್ತಾರಾ?"

ನನ್ನ ಬಳಿ ಉತ್ತರ ಇರಲಿಲ್ಲ. ಅಜ್ಜಿಯ ಮನೆಗೆ ಕಿಟಕಿಯೇ ಇರಲಿಲ್ಲ. ಒಂದು ಬೆಳಕಿಂಡಿ ಇತ್ತು, ಅಷ್ಟೆ.

ಮೇಷ್ಟ್ರು ಲೈಬ್ರರಿಗೆ ಕರೆದುಕೊಂಡು ಹೋಗಿ ದೇವನೂರ ಮಹಾದೇವ ಅವರ 'ಒಡಲಾಳ' ತೆಗೆದುಕೊಟ್ಟರು. ತೆಳ್ಳನೆಯ ಪುಸ್ತಕ. ಅದರಲ್ಲಿ ಸಾಕವ್ವನ ಮನೆಯವರು ರಾತ್ರಿ ಬೆಂಕಿ ಸುತ್ತ ಕೂತು, ಕದ್ದು ತಂದ ಕಡಲೆಕಾಯಿ ತಿನ್ನುವ ಸನ್ನಿವೇಶ ಇದೆ. ದೊಡ್ಡವರು, ಚಿಕ್ಕವರು ಎಲ್ಲರೂ ತಿನ್ನುತ್ತಾರೆ. ಅಲ್ಲಿ ಬಡತನದ ಬಗ್ಗೆ ಭಾಷಣ ಇಲ್ಲ. ಓದುತ್ತಾ ಹೋದಂತೆ ಆ ಮನೆಯ ಹಸಿವು ಎಷ್ಟಿತ್ತು ಅಂತ ನಮಗೇ ಗೊತ್ತಾಗುತ್ತದೆ. ನಾನು ಚಳ್ಳಕೆರೆ ಕಡೆಯವನು. ಶೇಂಗಾ ಅಂದರೆ ನನಗೇನು ಹೊಸದಲ್ಲ. ಅದು ಕಥೆಗೆ ಬರುತ್ತದೆ ಅನ್ನುವುದು ಮಾತ್ರ ಹೊಸದು.

ಮೇ ತಿಂಗಳ ರಜೆಗೆ ಊರಿಗೆ ಹೋದೆ. ಮಳೆಗೆ ಮುಂಚೆ ನಮ್ಮಲ್ಲಿ ಬಿತ್ತನೆ ಬೀಜಕ್ಕೆ ಶೇಂಗಾ ಸುಲಿಯುವ ಕೆಲಸ ಇರುತ್ತಿತ್ತು. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಕೆಂಪು ಸಿಪ್ಪೆ ಕಿತ್ತುಹೋಗುತ್ತದೆ, ಹಾಗಾದರೆ ಸರಿಯಾಗಿ ಮೊಳೆಯುವುದಿಲ್ಲ. ಅದಕ್ಕೇ ಕೈಯಲ್ಲಿ ಸುಲಿಯಬೇಕು. ಸೇರಿಗೆ ಇಷ್ಟು ಅಂತ ಕೂಲಿ. ಅಜ್ಜಿ ಹೆಬ್ಬೆರಳಿಗೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡು ಕೂರುತ್ತಿದ್ದಳು. ಕಾಯಿಯ ತುದಿ ಒತ್ತಿದರೆ ಚಟ್ ಅಂತ ಸದ್ದು. ಬೀಜ ಮೊರಕ್ಕೆ, ಸಿಪ್ಪೆ ಪಕ್ಕಕ್ಕೆ. ಎಂದೋ ನೋಡಿದ್ದನ್ನೇ ನಾನು ಆ ಸಲ ಬರೆಯುವವನ ಹಾಗೆ ನೋಡುತ್ತಾ ಕೂತೆ. ಸಂಜೆ ಚಿಂದಿ ಬಿಚ್ಚಿದಾಗ ಬೆರಳು ಊದಿತ್ತು. "ನೋವಾ ಅಜ್ಜಿ?" ಅಂದೆ. "ಹೆಬ್ಬೆಟ್ಟೊಂದು ಬಿಟ್ರೆ ಇನ್ನೇನೂ ನೋಯಲ್ಲ ಬಿಡು" ಅಂದಳು.

ಅಜ್ಜ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳಾಗಿತ್ತು.

"ವ್ಯರ್ಥ" ಅನ್ನೋ ಸಾಲು ಹೊಡೆದು ಹಾಕಿ ಅಲ್ಲಿ ಈ ಮಾತು ಬರೆದೆ. ಕಿಟಕಿಯನ್ನೂ ತೆಗೆದೆ. ಮೇಷ್ಟ್ರು ಈ ಸಲ ಗೆರೆ ಎಳೆಯಲಿಲ್ಲ.

ಅಂದಿನಿಂದ ನನ್ನ ಓದು ಕಿವಿಯ ಓದಾಯಿತು. ಮಹಾದೇವ ಅವರದೇ ಕಾದಂಬರಿ 'ಕುಸುಮಬಾಲೆ'ಯನ್ನು ಹಾಸ್ಟೆಲಿನಲ್ಲಿ ಕೈಗೆತ್ತಿಕೊಂಡಾಗ ಮೊದಲ ಪುಟಗಳಲ್ಲೇ ಸಿಕ್ಕಿಹಾಕಿಕೊಂಡೆ. ಅದು ನಂಜನಗೂಡು ಕಡೆಯ ಮಾತು, ನನ್ನ ಕಿವಿಗೆ ಬಿದ್ದದ್ದಲ್ಲ. ಎರಡು ಸಲ ಕೆಳಗಿಟ್ಟೆ. ಮೂರನೇ ಸಲ ಜೋರಾಗಿ ಓದಿದೆ. ಕಣ್ಣಿಗೆ ಕಗ್ಗಂಟಾಗಿದ್ದದ್ದು ಬಾಯಿಗೆ ಬಂದ ಕೂಡಲೇ ಬಿಚ್ಚಿಕೊಂಡಿತು. ಆ ಮೈಸೂರು ಸೀಮೆಯ ಮಾತು ಕೇಳುತ್ತಾ ನನಗೆ ನಮ್ಮೂರಿನ ಮಾತಿನ ಮೇಲೆ ಧೈರ್ಯ ಬಂತು. ಇದು ವಿಚಿತ್ರ ಅನ್ನಿಸಬಹುದು, ಆದರೆ ನಿಜ.

ಈಗಲೂ ಬರೆದದ್ದನ್ನು ಬಾಗಿಲು ಹಾಕಿಕೊಂಡು ಜೋರಾಗಿ ಓದುತ್ತೇನೆ. ನಾಲಿಗೆ ಎಡವಿದ ಕಡೆ ಸುಮ್ನೆ ಒಂದು ಗೆರೆ ಹಾಕುತ್ತೇನೆ, ಆಗಲೇ ತಿದ್ದಲು ಹೋಗುವುದಿಲ್ಲ. ಪಾತ್ರದ ಬಾಯಲ್ಲಿ ನಾನೇ ಮಾತಾಡಿಬಿಟ್ಟಿರುವ ಜಾಗಗಳೇ ಜಾಸ್ತಿ ಸಿಗುತ್ತವೆ. ಚೆನ್ನಾಗಿದೆ ಅಂತ ನಾನು ಬೀಗಿದ ಸಾಲುಗಳೂ ಹಾಗೇ ಹೋಗುತ್ತವೆ. ತೆಗೆಯುವಾಗ ಹೊಟ್ಟೆ ಉರಿಯುತ್ತದೆ. ತೆಗೆದ ಮೇಲೆ ಕಥೆ ಉಸಿರಾಡುತ್ತದೆ.

ಈ ಸಂಚಿಕೆಗೆ ಕಥೆಯನ್ನೇ ಕೊಡಬೇಕು ಅಂದುಕೊಂಡಿದ್ದೆ, ಮುಗಿಯಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಊರಿಗೆ ಫೋನ್ ಮಾಡಿ, ಹೊಲ ಮಾರಿಬಿಡೋಣ ಅನ್ನುತ್ತಾಳೆ. ಅಮ್ಮ ಏನು ಹೇಳುತ್ತಾಳೆ? ಮೂರು ವಾರದಿಂದ ಅಲ್ಲೇ ನಿಂತಿದ್ದೇನೆ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಖಾಲಿ ಬಿಟ್ಟು, ಅದರ ಕೆಳಗೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ.